ಎಡಕ್ಕೆ ತೋರಿಸಿದ ಬಾಣ

ಸೈರನ್ ಕೂಗಿದಾಗ ನಾನು ನನ್ನದೇ ನಕ್ಷೆಯ ಮುಂದೆ ನಿಂತಿದ್ದೆ. ಬೆಂಕಿ ಬಿದ್ದರೆ ಯಾವ ಕಡೆ ಓಡಬೇಕೆಂದು ತೋರಿಸುವ ನಕ್ಷೆ. ಏಳು ಬಣ್ಣ, ಹದಿನಾಲ್ಕು ಚಿಹ್ನೆ, ಮೂಲೆಯಲ್ಲಿ ಸಾಸಿವೆಕಾಳಿನಷ್ಟು ಅಕ್ಷರಗಳು. ಆಫೀಸಿನ ಡಿಸೈನರ್ ನಾನೇ, ಹೆಮ್ಮೆಗೇನೂ ಕೊರತೆಯಿರಲಿಲ್ಲ.

"ಎಡಕ್ಕೆ ಬನ್ನಿ!" ಎಂದು ಕೂಗಿದೆ. ಈ ಹೊಸ ಕಟ್ಟಡಕ್ಕೆ ಬಂದು ಎರಡೇ ತಿಂಗಳು. ಲಿಫ್ಟ್ ಬಿಟ್ಟರೆ ಬೇರೆ ದಾರಿ ನಮ್ಮ ಮಹಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಲೈಬ್ರರಿ ನೋಡಿಕೊಳ್ಳುವ ನನ್ನ ಚಿಕ್ಕಮ್ಮನೂ ಸೇರಿ ಹತ್ತು ಜನ ಹಿಂದೆ ಬಂದರು. ತುದಿಯ ಬಾಗಿಲು ತಳ್ಳಿದೆ.

ಮೆಟ್ಟಿಲಿಲ್ಲ. ಕಿಟಕಿಯೂ ಇಲ್ಲ. ಮುರಿದ ಕುರ್ಚಿಗಳು, ಕಾಗದದ ಕಟ್ಟುಗಳು ತುಂಬಿದ ಗೋದಾಮು. ನೂಕುನುಗ್ಗಲಿಗೆ ಎಲ್ಲರೂ ಒಳಗೆ ಬಂದಿದ್ದೆವು, ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು. ಒಳಗಡೆ ಹಿಡಿಕೆಯೇ ಇರಲಿಲ್ಲ.

"ಯಾವ ಪುಣ್ಯಾತ್ಮ ಕಣೇ ಆ ನಕ್ಷೆ ಬರೆದಿದ್ದು?" ಕತ್ತಲಲ್ಲಿ ಚಿಕ್ಕಮ್ಮನ ದನಿ.

"ನಾನೇ."

ಇದು ಬರೀ ಡ್ರಿಲ್, ಗೊತ್ತಿತ್ತು. ನಿಜವಾಗಿ ಹೊಗೆ ಬಂದಿದ್ದರೆ? ಹೆತ್ತಮ್ಮನಂತೆ ಸಾಕಿದವಳನ್ನು ಕೈಯಾರೆ ತಂದು ಕೂಡಿಹಾಕಿದ್ದೆ.

ಪೀಪಿ ಹೇಳಿದ್ದ. ಕೊರಳಲ್ಲಿ ಸದಾ ಸೀಟಿ ನೇತುಹಾಕಿಕೊಳ್ಳುವ ಸೇಫ್ಟಿ ಆಫೀಸರಿಗೆ ನಾನಿಟ್ಟ ಹೆಸರು ಅದು. ಮೂರು ಸಲ ನನ್ನ ಟೇಬಲ್ಲಿಗೆ ಬಂದಿದ್ದ.

"ಮೇಡಂ, ನಕ್ಷೆ ಚೆನ್ನಾಗಿದೆ. ಗೋಡೆ ಮುಂದೆ ಒಂದ್ಸಲ ನಿಂತು ನೋಡ್ತೀರಾ?"

"ನನ್ನ ಕೆಲಸ ನನಗೆ ಗೊತ್ತು."

ಅವನ ಕಿವಿ ಕೆಂಪಾಗುತ್ತಿತ್ತು. ಹಾಗೆ ಕೆಂಪಾಗಲಿ ಎಂದೇ ಒರಟಾಗಿ ಮಾತಾಡುತ್ತಿದ್ದೆ, ಅವನು ತಿರುಗಿದ ಮೇಲೆ ಬೆನ್ನು ನೋಡುತ್ತ ಕೂರುತ್ತಿದ್ದೆ. ಗೋಡೆಯ ಮುಂದೆ ಮಾತ್ರ ಈ ದಿನದವರೆಗೂ ನಿಂತು ನೋಡಿರಲಿಲ್ಲ. ನಕ್ಷೆಯಲ್ಲಿ ಕಟ್ಟಡದ ಗೇಟನ್ನು ಮೇಲ್ಗಡೆ ಬರೆದಿದ್ದೆ. ಆ ಗೋಡೆಯ ಮುಂದೆ ನಿಂತವರಿಗೆ ಗೇಟು ಬೆನ್ನ ಹಿಂದೆ. ನಕ್ಷೆಯ ಎಡ, ಅವರಿಗೆ ಬಲ.

ಬಾಗಿಲು ತೆರೆಯಿತು. ಪೀಪಿ ಏದುಸಿರು ಬಿಡುತ್ತ ನಿಂತಿದ್ದ, ಮುಖದಲ್ಲಿ ರಕ್ತವೇ ಇರಲಿಲ್ಲ.

"ಡ್ರಿಲ್ ಇಟ್ಟಿದ್ದೇ ನೀವಲ್ವಾ? ಯಾಕಿಷ್ಟು ಗಾಬರಿ?"

"ಕೆಳಗೆ ಎಣಿಸ್ತಾ ಇದ್ದೆ. ನೀವಿರಲಿಲ್ಲ."

"ಹನ್ನೊಂದು ಜನ ಇರಲಿಲ್ಲ."

"ಹೌದಾ?" ಎಂದು ನನ್ನ ಹಿಂದೆ ಇಣುಕಿದ. ಉಳಿದವರನ್ನು ಅವನು ನೋಡಿದ್ದೇ ಆಗ.

"ಆಮೇಲೆ ಮಾತಾಡ್ಕೊಳ್ಳಿ," ಎಂದಳು ಚಿಕ್ಕಮ್ಮ. "ಮೊದಲು ದಾರಿ ಬಿಡಿ, ಸೊಂಟ ಹಿಡ್ಕೊಂಡಿದೆ."

ಮರುದಿನ ಹೊಸ ನಕ್ಷೆಯನ್ನು ಕಾರಿಡಾರಿನಲ್ಲೇ ನಿಂತು ಬರೆದೆ. ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದಿದ್ದವನು ಅವನು. ಒಂದು ಚುಕ್ಕೆ, ಒಂದು ದಪ್ಪ ಬಾಣ, ಅಷ್ಟೇ. ಬಾಣ ಎಳೆಯುವಾಗ ನನ್ನ ಕೈ ಅವನ ಬೆರಳಿಗೆ ತಾಗಿತು, ಗೆರೆ ಸೊಟ್ಟಗಾಯಿತು. ಇಬ್ಬರೂ ಹಾಳೆಯನ್ನೇ ನೋಡುತ್ತಿದ್ದೆವು. ಚಿಕ್ಕಮ್ಮ ಕನ್ನಡಕವಿಲ್ಲದೆ ಓದಿ ಸೀದಾ ಮೆಟ್ಟಿಲಿಗೆ ಹೋದಳು.

ಮುಂದಿನ ವಾರ ಮತ್ತೆ ಸೈರನ್. ಆ ಗೋದಾಮಿನ ಕತ್ತಲು ನೆನಪಾಯಿತು. ಎಲ್ಲರನ್ನೂ ಕಳಿಸಿ ಕೊನೆಯವಳಾಗಿ ಇಳಿದೆ.

"ನೂರಾ ನಲವತ್ತೊಂದು," ಎಂದ ಪೀಪಿ. "ಎಲ್ಲರೂ ಇದ್ದಾರೆ."

"ನಾನು ಎಷ್ಟನೆಯವಳು?"

"ಮೊದಲನೆಯವಳು."

"ನಾನು ಕೊನೇಲಿ ಬಂದೆ."

"ಗೊತ್ತು," ಎಂದ. ಕಿವಿ ಕೆಂಪಾಗಿತ್ತು. "ನೋಡ್ತಾ ಇದ್ದೆ."