ಡ್ರ್ಯಾಗನ್ ಬ್ರೆಡ್ಡಿನ ಸದ್ದು

ಮಧ್ಯಾಹ್ನದ ಬಿಸಿಲು ಬೇಕರಿಯ ಗಾಜಿನ ಕಪಾಟಿನ ಮೇಲೆ ಸೋಮಾರಿಯಂತೆ ಮೈಚಾಚಿದ್ದ ಹೊತ್ತಿನಲ್ಲಿ ಅವನು ಒಳಗೆ ಬಂದ. ಬಂದವನು ಬೆಲೆ ಕೇಳಲಿಲ್ಲ, ಇವತ್ತಿನದಾ ನಿನ್ನೆಯದಾ ಎಂದೂ ಕೇಳಲಿಲ್ಲ. ಉದ್ದನೆಯ ಒಂದು ಬ್ರೆಡ್ಡನ್ನು ಎತ್ತಿ ಕಿವಿಗೆ ಹಿಡಿದು, ಮೆಲ್ಲಗೆ ಅದುಮಿ, ಕಣ್ಣು ಮುಚ್ಚಿಕೊಂಡ.

ಕೌಂಟರಿನ ಹಿಂದೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತಿದ್ದ ಹುಡುಗಿ ಅದನ್ನು ನೋಡಿದಳು.

“ಆ ಕಡೆಯವರು ಫೋನ್ ಎತ್ತಿದ್ರಾ?” ಎಂದಳು.

ಅವನು ಬೆಚ್ಚಿ ಕಣ್ಣು ತೆರೆದ. ಕಿವಿಯ ತುದಿಯಲ್ಲಿ ಹುಟ್ಟಿದ ಕೆಂಪು ನಿಧಾನವಾಗಿ ಕತ್ತಿನವರೆಗೆ ಇಳಿಯಿತು.

“ಇಲ್ಲ. ಬ್ಯುಸಿ ಬರ್ತಿದೆ.”

“ಹಾಗಾದ್ರೆ ಮನೆಗೆ ತಗೊಂಡು ಹೋಗಿ ಟ್ರೈ ಮಾಡಿ. ಕಿವಿಗೆ ತಾಗಿಸಿದ್ದನ್ನ ನಾನು ಇನ್ನೊಬ್ಬರಿಗೆ ಮಾರೋಕಾಗಲ್ಲ.”

ಗಲ್ಲಾಪೆಟ್ಟಿಗೆಯ ಹಿಂದೆ ಮರದ ಸ್ಟೂಲಿನ ಮೇಲೆ ಕುಳಿತಿದ್ದ ಅಜ್ಜಿ ಕನ್ನಡಕದ ಮೇಲಿನಿಂದ ಅವನನ್ನು ಅಳೆದಳು. ಅವನು ಹೊರಟ ಮೇಲೆ, “ಹುಡುಗ ಚೆನ್ನಾಗಿದ್ದಾನೆ, ಸ್ವಲ್ಪ ತಿರುಗಿದೆ ಅಷ್ಟೇ” ಎಂದು ತಲೆಯ ಪಕ್ಕ ಬೆರಳಾಡಿಸಿದಳು. ಮೊಮ್ಮಗಳು ನಕ್ಕಳು. ಅಂದಿನಿಂದ ಅವರಿಬ್ಬರ ಬಾಯಲ್ಲಿ ಅವನ ಹೆಸರು ಕಿವಿರಾಯ.

ಹುಡುಗಿಯ ಹೆಸರು ಬೆಣ್ಣೆ. ಅಂದರೆ ಅಜ್ಜಿ ಕರೆಯುತ್ತಿದ್ದುದು ಹಾಗೆ, ಗಿರಾಕಿಗಳೂ ಹಾಗೇ ಕರೆದು ರೂಢಿಯಾಗಿತ್ತು. ಅಜ್ಜಿಯ ಕಥೆಗಳನ್ನು ಕೇಳುತ್ತಾ ಬೆಳೆದವಳು ಅವಳು. ಆ ಕಥೆಗಳಲ್ಲಿ ಎಲ್ಲರೂ ಏನಾದರೊಂದು ತಿನ್ನುತ್ತಿದ್ದರು. ಕಾಡಿನಲ್ಲಿ ದಾರಿ ತಪ್ಪಿದ ರಾಜಕುಮಾರಿಗೆ ಗುಹೆಯ ಮುದುಕಿ ಬಿಸಿ ಬ್ರೆಡ್ಡು ಕೊಡುತ್ತಿದ್ದಳು. ಅದನ್ನು ತಿಂದ ಕೂಡಲೇ ರಾಜಕುಮಾರಿಗೆ ಹೋದ ಜೀವ ಬರುತ್ತಿತ್ತು. “ಅದರ ರುಚಿ ಹೇಗಿತ್ತು ಅಜ್ಜಿ?” ಎಂದು ಬೆಣ್ಣೆ ಕೇಳಿದರೆ, “ತಿಂದವಳು ಅವಳು, ಅವಳನ್ನೇ ಕೇಳು” ಎಂದು ಅಜ್ಜಿ ಮಗ್ಗುಲು ಬದಲಿಸಿ ಮಲಗಿಬಿಡುತ್ತಿದ್ದಳು. ಹುಡುಗಿ ಕತ್ತಲಲ್ಲಿ ಬಾಯಿ ಚಪ್ಪರಿಸುತ್ತಾ ಎಚ್ಚರವಿರುತ್ತಿದ್ದಳು.

ದೊಡ್ಡವಳಾದ ಮೇಲೆ ಆ ಹಸಿವು ಇನ್ನೊಂದು ಕಡೆ ತಿರುಗಿತು. ಊರಿನ ಯುವಕರೆಲ್ಲ ಹುಚ್ಚು ಹಿಡಿದವರಂತೆ ಆಡುತ್ತಿದ್ದ ಒಂದು ವಿಡಿಯೋ ಗೇಮ್ ಇತ್ತು. ಅದರ ಪೂರ್ತಿ ಹೆಸರು ಯಾರ ಬಾಯಲ್ಲೂ ನಿಲ್ಲುತ್ತಿರಲಿಲ್ಲ, ಎಲ್ಲರೂ ಡ್ರ್ಯಾಗನ್ ಗೇಮ್ ಎನ್ನುತ್ತಿದ್ದರು. ಉಳಿದವರು ಅದರಲ್ಲಿ ಕತ್ತಿ ಹಿಡಿದು ಹೋರಾಡಿದರೆ, ಬೆಣ್ಣೆ ಬೆಂಕಿಯ ಪಕ್ಕ ಕುಳಿತು ಅಡುಗೆ ಮಾಡುತ್ತಿದ್ದಳು. ಅಲ್ಲಿನ ನೀಲಿ ಸೂಪು, ಕಲ್ಲಣಬೆಯ ಸ್ಟ್ಯೂ, ಹೊಳೆಯುವ ಜೇನುಹಣ್ಣು ಇವನ್ನೆಲ್ಲ ನೋಡುತ್ತಾ ಅವಳ ಬಾಯಲ್ಲಿ ನೀರೂರುತ್ತಿತ್ತು. ಈ ಸಲ ಮಗ್ಗುಲು ಬದಲಿಸಿ ಮಲಗುವವರು ಯಾರೂ ಇರಲಿಲ್ಲ. ಒಲೆ ಕೈಯಲ್ಲೇ ಇತ್ತು.

ಹಾಗೆ ಶುರುವಾಗಿದ್ದು ಬೇಕರಿಯ ಮುಂದಿನ ಕೋಣೆಯ ಶನಿವಾರದ ಮೇಜು. ವಾರಕ್ಕೊಮ್ಮೆ ಆಟದ ಒಂದೊಂದು ಅಡುಗೆಯನ್ನು ನಿಜವಾಗಿ ಮಾಡಿ ಅಲ್ಲಿ ಬಡಿಸುತ್ತಿದ್ದಳು. ನೇರಳೆ ಕೋಸನ್ನು ಕುದಿಸಿ, ಚಿಟಿಕೆ ಸೋಡಾ ಹಾಕಿದಾಗ ಸೂಪು ಕಣ್ಣೆದುರೇ ಆಕಾಶದ ಬಣ್ಣಕ್ಕೆ ತಿರುಗಿತ್ತು. ಗೇಮ್ ಆಡುವ ಹುಡುಗ ಹುಡುಗಿಯರು ಅದನ್ನು ಬಾಯಿಗಿಡುವ ಮೊದಲು ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು.

ಅಜ್ಜಿಗೆ ಮಾತ್ರ ಆ ಕೋಣೆಯನ್ನು ಪಕ್ಕದ ದರ್ಜಿಗೆ ಕೊಡುವ ಮನಸ್ಸು. “ಆಟದಲ್ಲಿ ತಿನ್ನೋದನ್ನ ಆಟದಲ್ಲೇ ತಿನ್ನಲಿ” ಎನ್ನುತ್ತಿದ್ದಳು. ಮೊಮ್ಮಗಳು ಗೋಗರೆದಳು. ಕೊನೆಗೆ ಬರಲಿರುವ ಒಂದು ಶನಿವಾರಕ್ಕೆ ಗಡುವಿಟ್ಟು ಒಪ್ಪಂದವಾಯಿತು. ಗೇಮ್‌ನ ಅತಿ ದೊಡ್ಡ ಅಡುಗೆಯನ್ನು ಮಾಡಿ, ಬಂದವರು ಮೆಚ್ಚಿದರೆ ಮೇಜು ಉಳಿಯುತ್ತದೆ. ಇಲ್ಲವಾದರೆ ದರ್ಜಿ ಹೊಲಿಗೆ ಯಂತ್ರ ತರುತ್ತಾನೆ.

ಅತಿ ದೊಡ್ಡ ಅಡುಗೆ ಎಂದರೆ ಡ್ರ್ಯಾಗನ್ ಬ್ರೆಡ್. ಡ್ರ್ಯಾಗನ್ ಉಸಿರಿನಲ್ಲಿ ಬೆಂದದ್ದು, ಹೊರಗೆ ಡ್ರ್ಯಾಗನ್ ಮೈಮೇಲಿರುವಂಥ ಕಪ್ಪು ಹುರುಪೆ, ಒಳಗೆ ಬಂಗಾರ. ಹೊರಮೈಯನ್ನು ಬೆಣ್ಣೆ ಗೆದ್ದಿದ್ದಳು: ಕೋಕೋ ಬೆರೆಸಿದ ಅಕ್ಕಿಹಿಟ್ಟಿನ ಮಂದ ಲೇಪ ಬಳಿದರೆ, ಒಳಗಿನ ಬ್ರೆಡ್ಡು ಉಬ್ಬಿದಂತೆ ಲೇಪ ಬಿರಿದು ಹುರುಪೆಯಾಗುತ್ತಿತ್ತು. ಕುಂಬಳಕಾಯಿ ಬೇಯಿಸಿ ಕಲೆಸಿದ್ದರಿಂದ ಒಳಗೆ ಬಂಗಾರವೂ ಇತ್ತು. ಆದರೆ ಅದರ ಸದ್ದು ಅವಳ ಕೈಗೆ ಸಿಗುತ್ತಿರಲಿಲ್ಲ. ಗೇಮ್‌ನಲ್ಲಿ ಆ ಬ್ರೆಡ್ಡನ್ನು ಮುರಿದರೆ ಕಿರ್ರ್, ಕಟಕಟ, ಟಕ್ ಎನ್ನುವ ಒಂದು ಸದ್ದು ಬರುತ್ತಿತ್ತು. ಆಡುವವರೆಲ್ಲರಿಗೂ ಅದು ಬಾಯಿಪಾಠ.

ಕಿವಿರಾಯ ಮಾರನೆಯ ದಿನವೇ ಮತ್ತೆ ಬಂದಾಗ ಬೆಣ್ಣೆಗೆ ಮಿಂಚಿನಂತೆ ಹೊಳೆಯಿತು.

“ನೀವು ಏನ್ ಕೆಲಸ ಮಾಡೋದು?”

“ಸೌಂಡ್ ಕೆಲಸ.”

“ಮೈಕ್‌ಸೆಟ್ ಬಾಡಿಗೆಗೆ ಕೊಡೋದಾ?”

ಅವನು ತುಸು ತಡೆದು, “ಹೆಚ್ಚುಕಡಿಮೆ” ಎಂದ.

“ಹಾಗಾದ್ರೆ ನಿಮ್ಮ ಕಿವಿ ನನಗೆ ಸ್ವಲ್ಪ ಬೇಕಲ್ಲ.”

ಅವಳು ಫೋನಿನಲ್ಲಿ ಗೇಮ್‌ನ ಸದ್ದು ಕೇಳಿಸಿದಳು. ಅವನ ಮುಖದ ಮೇಲೆ ಎಂಥದೋ ಒಂದು ನಗು ಹಾದು ಹೋಯಿತು. ಸೀನು ಬರುವ ಮೊದಲಿನ ಮುಖದಂತಿತ್ತು ಅದು. ಅವಳು ಅದನ್ನು ನಾಚಿಕೆ ಎಂದುಕೊಂಡಳು.

ಆಮೇಲೆ ಅದೇ ರೂಢಿಯಾಯಿತು. ಓವನ್ ಬಿಸಿ ಇರುವುದು ಬೆಳಿಗ್ಗೆ ಮಾತ್ರ. ಆಗ ಬೇಯಿಸಿದ್ದನ್ನು ಬಟ್ಟೆಯಲ್ಲಿ ಸುತ್ತಿಟ್ಟು ಅವಳು ಕಾಯುತ್ತಿದ್ದಳು. ಊಟದ ಬಿಡುವಿನಲ್ಲಿ ಅವನು ಬರುತ್ತಿದ್ದ. ಅವಳು ಮುರಿಯುತ್ತಿದ್ದಳು, ಅವನು ಕಣ್ಣು ಮುಚ್ಚುತ್ತಿದ್ದ. ಅವನು ಕಣ್ಣು ಮುಚ್ಚಿದ ಆ ಪುಟ್ಟ ಅವಕಾಶದಲ್ಲಿ ಅವಳು ಅವನನ್ನು ಮನಸಾರೆ ನೋಡಿಕೊಳ್ಳುತ್ತಿದ್ದಳು: ರೆಪ್ಪೆಯ ನೆರಳು, ಹುಬ್ಬಿನ ಮೇಲಿನ ಹಳೆಯ ಗಾಯದ ಗೀರು, ತುಟಿಯಂಚಿನ ಬ್ರೆಡ್ಡಿನ ಪುಡಿ.

“ಇನ್ನೂ ಸ್ವಲ್ಪ ಒಣಗಬೇಕು” ಎನ್ನುತ್ತಿದ್ದ ಅವನು. ಇನ್ನೊಂದು ದಿನ, “ಇದು ತೀರಾ ಗಟ್ಟಿ.” ಮತ್ತೊಂದು ದಿನ, “ಹತ್ತಿರ ಬಂತು ಅನ್ಸುತ್ತೆ.”

“ಬ್ರೆಡ್ ಹತ್ತಿರ ಬಂತೋ, ನೀನು ಹತ್ತಿರ ಬಂದ್ಯೋ?” ಎಂದು ಅಜ್ಜಿ ಗಲ್ಲಾದ ಹಿಂದಿನಿಂದ ಗೊಣಗಿದಾಗ ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದರು.

ಗಡುವಿನ ಶನಿವಾರಕ್ಕೆ ಒಂದೇ ದಿನ ಉಳಿದಿತ್ತು. ಅಜ್ಜಿಗೆ ಸೊಂಟ ಹಿಡಿದುಕೊಂಡಿತ್ತೆಂದು ಅಂದು ಮಹಡಿಯ ಮೇಲಿದ್ದ ಹಳೆಯ ಬೆತ್ತದ ಕುರ್ಚಿಯನ್ನು ಕೆಳಗಿಳಿಸಿದ್ದರು. ಬೆಣ್ಣೆ ಹೊಸ ಬ್ರೆಡ್ಡು ಹಿಡಿದು, ಕಿವಿರಾಯ ಕಣ್ಣು ಮುಚ್ಚಿ, ಇನ್ನೇನು ಮುರಿಯಬೇಕು. ಅಷ್ಟರಲ್ಲಿ ಅಜ್ಜಿ ಕುರ್ಚಿಯಲ್ಲಿ ಒರಗಿದಳು.

ಕಿರ್ರ್. ಕಟಕಟ. ಟಕ್.

ಬೆಣ್ಣೆಯ ಕೈ ಗಾಳಿಯಲ್ಲೇ ನಿಂತಿತು. “ಅಜ್ಜಿ,” ಎಂದಳು ನಿಧಾನವಾಗಿ, “ಒಂದ್ಸಲ ಎದ್ದು ಮತ್ತೆ ಕೂತ್ಕೋ.”

“ಸೊಂಟ ಹಿಡಿದವಳಿಗೆ ಕಸರತ್ತು ಹೇಳ್ತೀಯಲ್ಲೇ.”

“ಒಂದೇ ಸಲ.”

ಅಜ್ಜಿ ಎದ್ದು ಕುಳಿತಳು. ಕಿರ್ರ್, ಕಟಕಟ, ಟಕ್. ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಬೆಣ್ಣೆ ತಿರುಗಿ ನೋಡಿದಾಗ ಕಿವಿರಾಯ ಕಣ್ಣು ತೆರೆದಿರಲಿಲ್ಲ. ತೆರೆಯುವ ಧೈರ್ಯವಿರಲಿಲ್ಲ. ಕಿವಿಗಳು ಮಾತ್ರ ಕೆಂಡದಂತಾಗಿದ್ದವು.

“ನಮ್ಮ ಸೋದರತ್ತೆ ಮನೇಲೂ ಇಂಥದ್ದೇ ಕುರ್ಚಿ ಇತ್ತು” ಎಂದ ಅವನು. “ಆ ಗೇಮ್‌ಗೆ ಸದ್ದು ಮಾಡಿದ್ದು ನಾನೇ. ಎಷ್ಟೋ ಬ್ರೆಡ್ ಮುರಿದೆ, ಮೈಕಿಗೆ ಏನೂ ಕೇಳಿಸ್ಲಿಲ್ಲ. ಬೇಜಾರಾಗಿ ಆ ಕುರ್ಚಿ ಮೇಲೆ ಕುಸಿದು ಕೂತೆ. ಆ ಸದ್ದನ್ನೇ ಹಾಕ್ಬಿಟ್ಟೆ. ಆದ್ರೂ ಮನಸ್ಸಿಗೆ ಸಮಾಧಾನ ಇರ್ಲಿಲ್ಲ. ಇವತ್ತಿಗೂ ಬ್ರೆಡ್ ಕಂಡ ಕಡೆ ಕಿವಿಗೆ ಹಿಡೀತೀನಿ.”

“ಅಂದ್ರೆ ಇಷ್ಟು ದಿನ ನಾನು ಕುರ್ಚಿ ಬೇಯಿಸೋಕೆ ಒದ್ದಾಡ್ತಿದ್ನಾ?”

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಭುಜ ಕುಲುಕುತ್ತಿತ್ತು. ಬೆಣ್ಣೆಗೆ ನಗು ಬರಲಿಲ್ಲ.

“ನಿಮಗೆ ಮೊದಲ ದಿನವೇ ಗೊತ್ತಿತ್ತು. ಆದ್ರೂ ಒಣಗಬೇಕು, ಗಟ್ಟಿ ಆಯ್ತು ಅಂತ ನನ್ನನ್ನ ಕುಣಿಸಿದ್ರಿ.”

“ಹೇಳಿದ್ರೆ ನೀವು ಮಾಡೋದು ನಿಲ್ಲಿಸ್ತಿದ್ರಿ” ಎಂದ ಅವನು, ನೆಲ ನೋಡುತ್ತಾ. “ನೀವು ನಿಲ್ಲಿಸಿದ್ರೆ, ನಾನು ಬರೋಕೆ ಯಾವ ನೆಪ ಇರ್ತಿತ್ತು?”

ಆ ಮಾತು ಬೇರೆ ಯಾವುದೇ ದಿನ ಅವಳ ಎದೆಯೊಳಗೆ ಜೇನಿನಂತೆ ಇಳಿಯುತ್ತಿತ್ತು. ಇವತ್ತು ನಾಳೆಯ ಮೇಜು ಕಣ್ಣೆದುರಿತ್ತು, ಅದರ ಜಾಗದಲ್ಲಿ ಹೊಲಿಗೆ ಯಂತ್ರವೂ ಕಾಣುತ್ತಿತ್ತು. “ಸದ್ದು ಬೇಕಾದವರು ಬಡಗಿ ಹತ್ರ ಹೋಗಿ” ಎಂದು ಅವಳು ಬ್ರೆಡ್ಡನ್ನು ಅವನ ಕೈಯಲ್ಲಿಟ್ಟು ಬಾಗಿಲ ಕಡೆ ನೋಡಿದಳು. ಅವನು ಹೋದ. ಬ್ರೆಡ್ಡನ್ನು ಮಗುವಿನಂತೆ ಎದೆಗೊತ್ತಿಕೊಂಡು ಹೋದ. ಅದೇ ಅವಳನ್ನು ಸಂಜೆಯವರೆಗೂ ಕಾಡಿತು.

ಶನಿವಾರ ಬೆಳಿಗ್ಗೆ ಅವಳು ಮುಖ ಊದಿಸಿಕೊಂಡೇ ಹಿಟ್ಟು ನಾದಿದಳು. ಇನ್ನು ಸದ್ದಿನ ಗೊಡವೆ ಬೇಡ ಎಂದುಕೊಂಡಳು. ಹಾಗಾದರೆ ಏನು ಬೇಕು? ಬಹಳ ದಿನಗಳ ನಂತರ ಆ ಹಳೆಯ ಪ್ರಶ್ನೆ ತಲೆಯೆತ್ತಿತು: ಅದರ ರುಚಿ ಹೇಗಿತ್ತು? ಕಾಡಿನಲ್ಲಿ ದಾರಿ ತಪ್ಪಿ, ಚಳಿಯಲ್ಲಿ ನಡುಗಿ ಬಂದವಳಿಗೆ ಏನು ರುಚಿಸುತ್ತದೆ? ಅವಳು ಕುಂಬಳಕಾಯಿಯ ಹಿಟ್ಟಿಗೆ ಕರಿಮೆಣಸನ್ನು ಒರಟಾಗಿ ಕುಟ್ಟಿ ಹಾಕಿದಳು, ಜೇನನ್ನು ಬಾಣಲೆಯಲ್ಲಿ ಕಂದು ಬಣ್ಣ ಬರುವವರೆಗೆ ಕಾಯಿಸಿ ಸುರಿದಳು. ಉಂಡೆಗಳನ್ನು ಓವನ್ನಿಗೆ ತಳ್ಳಿ, ಗೋಡೆಗೊರಗಿ ಸುಮ್ಮನಾದಳು.

ಆಗ ಕೇಳಿಸಿತು. ಮೊದಲೇ ತೆಗೆದು ಜಾಲರಿಯ ಮೇಲಿಟ್ಟಿದ್ದ ದಿನನಿತ್ಯದ ಬ್ರೆಡ್ಡುಗಳು ತಣ್ಣಗಾಗುತ್ತಾ ಪಿಟಿಪಿಟಿ ಎನ್ನುತ್ತಿದ್ದವು. ದಿನಾ ಕೇಳುವ ಸದ್ದು. ಬುದ್ಧಿ ಬಂದಾಗಿನಿಂದ ಕೇಳಿದ ಸದ್ದು, ಹಾಗಾಗಿಯೇ ಎಂದೂ ಕಿವಿಗೊಟ್ಟಿರಲಿಲ್ಲ. ಮತ್ತು ಅವನು? ಅವನು ಬರುತ್ತಿದ್ದುದು ಮಧ್ಯಾಹ್ನ, ಬ್ರೆಡ್ಡುಗಳೆಲ್ಲ ಮಾತು ಮುಗಿಸಿ ತೆಪ್ಪಗಾದ ಮೇಲೆ.

ಅವಳು ಹಿಟ್ಟಿನ ಕೈಯಲ್ಲೇ ಫೋನ್ ಮಾಡಿದಳು.

“ಬ್ರೆಡ್ ಓವನ್‌ನಲ್ಲಿದೆ. ಅದು ಹೊರಗೆ ಬರೋದರೊಳಗೆ ನೀವು ಇಲ್ಲಿರ್ಬೇಕು. ಮೈಕ್ ತನ್ನಿ.”

“ನಿನ್ನೆ ನಾನು ಮಾಡಿದ್ದು...”

“ಕ್ಷಮೆ ಎಲ್ಲ ಆಮೇಲೆ ತನ್ನಿ. ಈಗ ಮೈಕ್ ತನ್ನಿ.”

ಅವನು ಬಂದಾಗ ಅಂಗಿಯ ಗುಂಡಿಗಳು ಒಂದೊಂದು ಮನೆ ತಪ್ಪಿದ್ದವು. ಬೀದಿಯುದ್ದಕ್ಕೂ ಓಡಿ ಬಂದ ರಭಸಕ್ಕೆ ಏದುಸಿರು ಬಿಡುತ್ತಿದ್ದ. ಅವಳು ಓವನ್ನಿನ ಬಾಗಿಲು ತೆರೆದು ಕಪ್ಪು ಬ್ರೆಡ್ಡನ್ನು ಜಾಲರಿಗೆ ಜಾರಿಸಿದಳು. ಅವನು ಬಾಗಿಲ ಹತ್ತಿರವೇ ಮೈಕು ಹಿಡಿದು ನಿಂತಿದ್ದ, ಒಳಗೆ ಬರಲು ಅಪ್ಪಣೆ ಇದೆಯೋ ಇಲ್ಲವೋ ಎಂಬಂತೆ.

“ಹತ್ತಿರ ಬನ್ನಿ” ಎಂದಳು ಅವಳು ಪಿಸುದನಿಯಲ್ಲಿ. “ಅಲ್ಲಿಂದ ಕೇಳಿಸಲ್ಲ.”

ಅವನು ಬಂದ. ಇಬ್ಬರೂ ಬ್ರೆಡ್ಡಿನ ಮೇಲೆ ಬಾಗಿದರು. ಮೊದಲು ಒಂದು ಸಣ್ಣ ಟಿಕ್. ಆಮೇಲೆ ಇನ್ನೊಂದು. ಆಮೇಲೆ ಕಪ್ಪು ಹುರುಪೆಗಳ ನಡುವೆ ಬಂಗಾರದ ಗೆರೆಗಳು ಬಿಡುತ್ತಾ, ಬ್ರೆಡ್ಡು ಪೂರ್ತಿ ಮಾತು ಶುರುವಿಟ್ಟುಕೊಂಡಿತು. ಮೊಟ್ಟೆಯೊಳಗಿನಿಂದ ಯಾವುದೋ ಮರಿ ಕೊಕ್ಕಿನಿಂದ ಕುಟ್ಟುತ್ತಿರುವಂತೆ. ಕಿವಿರಾಯ ಈ ಸಲ ಕಣ್ಣು ಮುಚ್ಚಲಿಲ್ಲ. ಬಿಸಿ ಹಬೆಯ ಆಚೆ ಅವಳನ್ನೇ ನೋಡುತ್ತಿದ್ದ. ಕಣ್ಣು ತಪ್ಪಿಸಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ಸಂಜೆ ಮೇಜಿನ ಸುತ್ತ ಜನ ಕಿಕ್ಕಿರಿದಿದ್ದರು. ಅವಳು ಅಂದು ಮಾತ್ರ ಸಂಜೆಯೂ ಓವನ್ ಕಾಯಿಸಿ, ಹೊಸದಾಗಿ ಬೇಯಿಸಿದ ಬ್ರೆಡ್ಡುಗಳನ್ನು ಅದರಿಂದ ನೇರ ಮೇಜಿಗೆ ತಂದು, “ಯಾರೂ ಮುರೀಬೇಡಿ. ಮೊದಲು ಸುಮ್ನೆ ಕೇಳಿ” ಎಂದಳು.

ಕೋಣೆ ಮೌನವಾಯಿತು. ಬ್ರೆಡ್ಡುಗಳು ಮಾತಾಡಿದವು. ಅಷ್ಟು ಜನ, ಕತ್ತಿ ಗುರಾಣಿಗಳ ಯುದ್ಧ ಗೆದ್ದವರು, ಕತ್ತು ಬಾಗಿಸಿ ಬಾಯಿ ತೆರೆದು ಕೇಳುತ್ತಾ ಕುಳಿತರು. “ಗೇಮ್‌ನಲ್ಲಿ ಇರೋದು ಇದಲ್ವಲ್ಲ” ಎಂದ ಒಬ್ಬ, ಮೆಲ್ಲಗೆ. ಪಕ್ಕದಲ್ಲಿದ್ದವಳು ಅವನ ತೊಡೆಗೆ ತಿವಿದು, “ಗೇಮ್‌ನಲ್ಲಿರೋದು ತಪ್ಪು, ಸುಮ್ನಿರೋ” ಎಂದಳು. ಮೂಲೆಯಲ್ಲಿ ನಿಂತಿದ್ದ ಕಿವಿರಾಯ ತಲೆ ತಗ್ಗಿಸಿ ಒಪ್ಪಿಕೊಂಡ.

ಅಜ್ಜಿ ಒಂದು ತುಂಡು ಬಾಯಿಗಿಟ್ಟಳು. ಖಾರ, ಸಿಹಿ, ಸುಟ್ಟ ಜೇನಿನ ತುಸು ಕಹಿ. ಬಹಳ ಹೊತ್ತು ಅಗಿದಳು.

“ಚಿಕ್ಕವಳಿದ್ದಾಗ ಕೇಳ್ತಿದ್ಯಲ್ಲ,” ಎಂದಳು ಕೊನೆಗೆ, “ಗುಹೆ ಮುದುಕಿ ಕೊಟ್ಟ ಬ್ರೆಡ್ ಹೇಗಿತ್ತು ಅಂತ.”

“ಹೂಂ?”

“ಹೀಗಿತ್ತು.”

ಬೆಣ್ಣೆಯ ಕಣ್ಣು ತುಂಬಿ ಬಂತು. ಅಜ್ಜಿ ನೋಡದವಳಂತೆ ಇನ್ನೊಂದು ತುಂಡಿಗೆ ಕೈಚಾಚಿದಳು. “ಆ ದರ್ಜಿಗೆ ಬೇರೆ ಕೋಣೆ ನೋಡ್ಕೊಳ್ಳೋಕೆ ಹೇಳು.”

ತಿನ್ನಲು ಬಂದವರೆಲ್ಲ ಹೋದ ಮೇಲೆ ಕಿವಿರಾಯ ಅವಳಿಗೆ ಹೆಡ್‌ಫೋನ್ ಹಾಕಿದ. ಅವನ ಬೆರಳು ಅವಳ ಕೂದಲನ್ನು ಕಿವಿಯ ಹಿಂದೆ ಸರಿಸಿತು. “ಕುರ್ಚಿನ ತೆಗೆದು ಇದನ್ನ ಹಾಕೋಣ ಅಂತ. ಮುಂದಿನ ಅಪ್‌ಡೇಟಲ್ಲಿ. ನೀವು ಒಪ್ಪಿದ್ರೆ.”

ಅವಳು ಕೇಳಿದಳು. ಮೊದಲು ಓವನ್ನಿನ ಬಾಗಿಲು. ಆಮೇಲೆ, ಬ್ರೆಡ್ಡಿನ ಮೊದಲ ಟಿಕ್‌ಗಿಂತ ಮುಂಚೆ, ಅವಳದೇ ಪಿಸುದನಿ: ಹತ್ತಿರ ಬನ್ನಿ. ಅಲ್ಲಿಂದ ಕೇಳಿಸಲ್ಲ.

“ಆ ಮಾತು ಕತ್ತರಿಸ್ಬೇಕು” ಎಂದ ಅವನು. “ಬೆಳಗಿಂದ ಕೂತಿದ್ದೀನಿ. ಕೈ ಬರ್ತಿಲ್ಲ.”

“ಬಿಡಿ, ಇರ್ಲಿ. ಆಡೋರು ಡ್ರ್ಯಾಗನ್ ಕರೀತಿದೆ ಅಂದ್ಕೊಳ್ತಾರೆ.” ಅವಳು ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಳು. ಸಂಜೆಯ ಬೆಳಕು ಅವಳ ಕೆನ್ನೆಯ ಹಿಟ್ಟಿನ ಮೇಲೆ ನಿಂತಿತ್ತು. “ಆದ್ರೆ ಅದರಲ್ಲಿ ಒಂದು ಕೊರತೆ ಇದೆ.”

“ಏನು?” ಸೌಂಡಿನವನಿಗೆ ನಿಜವಾಗಿಯೂ ಗಾಬರಿಯಾಯಿತು.

“ಹತ್ತಿರ ಬನ್ನಿ ಅಂದಿದ್ದಕ್ಕೆ ನಿಮ್ಮ ಉತ್ತರವೇ ಇಲ್ಲ.”

ಅವನು ಅವಳನ್ನು ನೋಡಿದ. ಕಿವಿ ಮತ್ತೆ ಕೆಂಪಾಯಿತು, ಈ ಸಲ ಅವನು ನೆಲ ನೋಡಲಿಲ್ಲ. ಮೇಜನ್ನು ಬಳಸಿ ಬಂದು, ಬ್ರೆಡ್ಡಿನ ಪುಡಿ ಚೆಲ್ಲಿದ್ದ ಬೆಂಚಿನ ಮೇಲೆ ಅವಳ ಪಕ್ಕ ಕುಳಿತ.

“ಬಂದೆ” ಎಂದ.

ಅಜ್ಜಿ ಯಾವ ಗಲಾಟೆಯೂ ಆಗದಂತೆ ಒಳಗೆ ಹೋಗಬೇಕೆಂದು ಮೆಲ್ಲಗೆ ಎದ್ದಳು. ಕಿರ್ರ್, ಕಟಕಟ, ಟಕ್ ಎಂದಿತು ಬೆತ್ತದ ಕುರ್ಚಿ. ಅವರಿಬ್ಬರೂ ತಿರುಗಿ ನೋಡಲಿಲ್ಲ.