ಮಡಿಸಿದ ತಗಡು

ಸೋಮವಾರ ಮಧ್ಯಾಹ್ನ ಒಂದೂಕಾಲು ಗಂಟೆಗೆ ಒಂದು ಘೋರ ಕೃತ್ಯ ಬೆಳಕಿಗೆ ಬಂತು. ಯಾರೋ ಒಂದು ತಗಡಿನ ಮೂಲೆ ಮಡಿಸಿದ್ದರು.

ಕೊಲೆಯಲ್ಲ, ದರೋಡೆಯಲ್ಲ. ಆಳುದ್ದದ ಉಕ್ಕಿನ ತಗಡು. ಅದರ ಕೆಳಗಿನ ಎಡಮೂಲೆ, ಓದಿ ನಿಲ್ಲಿಸಿದ ಪುಟಕ್ಕೆ ಗುರುತು ಮಾಡಿದಂತೆ, ಅಂಗೈಯಗಲ ಮಡಿಸಿತ್ತು. ಅಷ್ಟೇ.

"ಇಷ್ಟಕ್ಕೆಲ್ಲ ಪೊಲೀಸಾ?" ಎಂದು ದಫೇದಾರ ಜೀಪಿನಲ್ಲೇ ಗೊಣಗಿದ್ದ. "ನಮ್ಮನೆ ಬಚ್ಚಲ ಬಾಗಿಲಿನ ತಗಡು ಎರಡು ವರ್ಷದಿಂದ ಮಡಚಿಕೊಂಡಿದೆ ಮೇಡಂ. ಯಾರಾದ್ರೂ ದೂರು ಕೊಟ್ರಾ?"

"ನಿಮ್ಮ ಹೆಂಡ್ತಿ ಕೊಡಬೇಕಿತ್ತು, ನಿಮ್ಮ ಮೇಲೆ," ಎಂದಳು ಸಬ್ ಇನ್‌ಸ್ಪೆಕ್ಟರ್.

ಆದರೆ ಸ್ಟುಡಿಯೋದ ನೆಲಮಾಳಿಗೆಗೆ ಇಳಿದು ಅಲ್ಲಿದ್ದವರ ಮುಖ ನೋಡಿದ ಮೇಲೆ ಅವಳು ನಗು ನುಂಗಿಕೊಂಡಳು. ಅವರು ನಿಂತಿದ್ದ ರೀತಿ ಹೆಣದ ಸುತ್ತ ನಿಂತವರದ್ದು.

ತಗಡು ಒಂದು ಉದ್ದನೆಯ ಮರದ ಪೆಟ್ಟಿಗೆಯೊಳಗೆ ನಾಲ್ಕು ಮೂಲೆಯ ಕೊಕ್ಕೆಗಳಿಗೆ ಬಿಗಿದಿದ್ದದ್ದು, ಈಗ ಮೂರರಲ್ಲಷ್ಟೇ ನೇತಾಡುತ್ತಿತ್ತು. ಹಿಂದಿನ ಕಾಲದ ಉಪಾಯ. ಪುಟ್ಟ ಕೋಣೆಯಲ್ಲಿ ಹಾಡಿದವರ ದನಿಗೆ ದೊಡ್ಡ ಸಭಾಂಗಣದ ಗುಂಗು ಬೇಕೆಂದರೆ, ಆ ದನಿಯನ್ನು ತಗಡಿಗೆ ಉಣಿಸಿ, ತಗಡು ನಡುಗಿದ್ದನ್ನು ಮತ್ತೆ ಹಿಡಿದು ಹಾಡಿಗೆ ಬೆರೆಸುವುದು. ನಲವತ್ತು ವರ್ಷ ಈ ಕಟ್ಟಡದಿಂದ ಹೊರಬಿದ್ದ ಹಾಡಿಗೆಲ್ಲ ಬಾಲ ಕಟ್ಟಿದ್ದು ಇದೇ ತಗಡು. ಮೂಲೆ ಮುರಿದ ಮೇಲೆ ಅದು ಬರೀ ತಗಡು. ತಟ್ಟಿ ನೇರ ಮಾಡಿದರೂ ಹಳೆಯ ದನಿ ಬಾರದು.

ದಫೇದಾರ ಕುತೂಹಲ ತಾಳಲಾರದೆ ಬೆರಳ ತುದಿಯಿಂದ ಅದನ್ನು ತಟ್ಟಿದ. ಗುಡುಗು ಉರುಳಿತು.

"ಯಾರದು!" ಪಕ್ಕದ ಕೋಣೆಯಿಂದ ಮುದಿ ದನಿ ಸಿಡಿಯಿತು. "ಕೈ ತೆಗೀರಿ! ಬಲಗಡೆ ಅಂಚಿಗೆ ಬೆರಳು ತಾಗಿಸ್ಬೇಡಿ!"

ದಫೇದಾರ ಸುಟ್ಟುಕೊಂಡವನಂತೆ ಕೈ ಹಿಂದೆಗೆದ. "ಬಲಗಡೆ ಅಂತ ಗೋಡೆಯಾಚೆಯಿಂದ ಹೇಗೆ ಗೊತ್ತಾಯ್ತು?"

"ಅವರು ಕಿವಿಯಣ್ಣ," ಎಂದ ಮಾಲೀಕ, ಅದೇ ಉತ್ತರವೆಂಬಂತೆ.

*

ಮಾಲೀಕನಿಗೆ ಸ್ಟುಡಿಯೋ ಅಪ್ಪನಿಂದ ಬಂದದ್ದು. ಸಂಗೀತ ಬಂದಿರಲಿಲ್ಲ.

"ಮಾಡಿದ್ದು ಯಾರು ಅಂತ ಗೊತ್ತು ಮೇಡಂ. ಆ ಹುಡುಗಿ. ಕಿವಿಯಣ್ಣನ ಶಿಷ್ಯೆ."

"ಕಾರಣ?"

"ಅವಳು ಈ ತಗಡಿನ ದನಿಯನ್ನು ಸಾಫ್ಟ್‌ವೇರ್ ಮಾಡಿದ್ದಾಳೆ. ಮೂರು ವಾರ ಇಲ್ಲೇ ಕೂತು ಇದರ ಒಂದೊಂದು ನಡುಕ ಅಳೆದುಕೊಂಡ್ಲು. ಇನ್ನು ಈ ಗುಂಗು ಯಾರಿಗೆ ಬೇಕಾದ್ರೂ ಕಂಪ್ಯೂಟರ್‌ನಲ್ಲೇ ಸಿಗುತ್ತೆ. ನಕಲು ಕೈಗೆ ಬಂತು. ಅಸಲು ಮುರಿದ್ರೆ, ನಕಲೇ ಅಸಲು. ಬೇರೆಯವರು ಬಂದು ಅಳೆಯೋ ಹಾಗಿಲ್ಲ. ಮುರಿದಿದ್ದನ್ನ ಮೊದಲು ನೋಡಿದ್ದೂ ಅವಳೇ."

"ನಾಳೆ ಇಲ್ಲಿ ಏನೋ ಇತ್ತಂತೆ?"

"ಪರೀಕ್ಷೆ. ಹತ್ತು ಹಾಡಿನ ತುಣುಕು. ಕೆಲವು ತಗಡಿನದ್ದು, ಕೆಲವು ಕಂಪ್ಯೂಟರಿನದ್ದು. ಯಾವುದು ಯಾವುದು ಅಂತ ಕಿವಿಯಣ್ಣ ಎಲ್ಲರೆದುರಿಗೆ ಹೇಳಬೇಕು. ಗೆದ್ರೆ ತಗಡು ಉಳಿಯುತ್ತೆ. ಸೋತ್ರೆ ನನಗೆ ಗೋದಾಮಿಗೆ ಜಾಗ ಬೇಕಾಗಿದೆ."

"ಅವರು ಒಪ್ಪಿದ್ರಾ?"

"ಒಪ್ಪೋದಾ? ಅವರೇ ಸವಾಲು ಹಾಕಿದ್ದು. ಹತ್ತರಲ್ಲಿ ಒಂದು ತಪ್ಪಿದ್ರೂ ನನ್ನನ್ನ ಕಿವಿಯಣ್ಣ ಅನ್ಬೇಡಿ ಅಂತ ಎಲ್ಲರ ಮುಂದೆ ಆಣೆ ಹಾಕಿದ್ರು."

ಮೆಟ್ಟಿಲ ತಲೆಯಲ್ಲಿ ಕೂರುವ ಕಾವಲುಗಾರ ಚುಟುಕಾಗಿ ಹೇಳಿದ. ಹನ್ನೆರಡಕ್ಕೆ ತಗಡು ಸರಿಯಿತ್ತು, ತಾನೇ ಧೂಳು ಹೊಡೆದಿದ್ದ. ಹನ್ನೆರಡೂಕಾಲಿಗೆ ಎಲ್ಲರೂ ಊಟಕ್ಕೆ ಹೋದರು. ಕಿವಿಯಣ್ಣ ಮಾತ್ರ ಕೆಳಗಿದ್ದರು, ಮೇಲೆ ಬರಲೇ ಇಲ್ಲ. ನೆಲಮಾಳಿಗೆಯ ಸದ್ದು ಮೇಲಕ್ಕೆ ಕೇಳುವುದಿಲ್ಲ. ಹೊರಗಿನವರು ಯಾರೂ ಬರಲಿಲ್ಲ.

"ಯಾರೂ?"

"ನರಪಿಳ್ಳೆಯೂ ಇಲ್ಲ ಮೇಡಂ."

*

ತಗಡಿನ ಗುಂಗನ್ನು ಹಾಡಿಗೆ ಬೆರೆಸುವ ಕಿವಿಯಣ್ಣ ಎಪ್ಪತ್ತರ ಆಸುಪಾಸಿನ ಸಣಕಲು ಮನುಷ್ಯ. ಕಿವಿಗಳು ಮಾತ್ರ ಮೈಗೆ ಮೀರಿದವು. ಅವರ ಕೋಣೆಗೂ ತಗಡಿನ ಕೋಣೆಗೂ ನಡುವೆ ಒಂದು ತೆರೆದ ಬಾಗಿಲು, ಹತ್ತು ಹೆಜ್ಜೆ. ಮೇಜಿನ ಮೇಲೆ ಪೆನ್ಸಿಲು, ಹಳೆಯ ಹೆಡ್‌ಫೋನು, ಮುಚ್ಚಳ ತೆರೆಯದ ಊಟದ ಡಬ್ಬಿ. ಇನ್‌ಸ್ಪೆಕ್ಟರ್ ಡಬ್ಬಿಗೆ ಕೈ ತಾಗಿಸಿದಳು. ಇನ್ನೂ ಬೆಚ್ಚಗಿತ್ತು.

"ಊಟ ಮಾಡಿಲ್ವಾ?"

"ಹಸಿವಿಲ್ಲ ತಾಯಿ."

"ಹನ್ನೆರಡೂಕಾಲಿನಿಂದ ಒಂದೂಕಾಲಿನವರೆಗೆ ಇಲ್ಲೇ ಇದ್ರಿ. ತಗಡು ಮಡಿಸಿದ ಸದ್ದು?"

ಬಾಗಿಲಲ್ಲಿ ಮಾಲೀಕನಿದ್ದ, ಶಿಷ್ಯೆಯಿದ್ದಳು, ಕೆಲಸಗಾರರಿದ್ದರು. ಮುದುಕರು ಎಲ್ಲರನ್ನೂ ಒಮ್ಮೆ ನೋಡಿದರು. ಪೆನ್ಸಿಲನ್ನು ಎತ್ತಿ, ಮೇಜಿನ ಅಂಚಿಗೆ ಸರಿಯಾಗಿ ಜೋಡಿಸಿಟ್ಟರು.

"ಏನೂ ಕೇಳಿಸಲಿಲ್ಲ."

"ಗುರುಗಳೇ..." ಎಂದಳು ಶಿಷ್ಯೆ.

"ಕೇಳಿಸಲಿಲ್ಲ ಅಂದ್ನಲ್ಲಮ್ಮ. ವಯಸ್ಸಾಯ್ತು. ಕೇಳಿಸಲ್ಲ."

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹಾಡುಗಾರ ತನಗೆ ಗಂಟಲಿಲ್ಲವೆಂದು ಸಭೆಯಲ್ಲಿ ಎದ್ದು ನಿಂತು ಹೇಳಿದರೆ ಹೇಗೋ, ಹಾಗಿತ್ತು.

*

"ತಗಡು ಮುರಿದು ನನಗೇನು ಸಿಗುತ್ತೆ?" ಶಿಷ್ಯೆಯ ಕಣ್ಣು ಕೆಂಪಾಗಿತ್ತು. "ಆಗಿನಿಂದ ಎಲ್ಲರೂ ನನ್ನೇ ನೋಡ್ತಿದ್ದಾರೆ. ನಾನು ಭುಜ ಮುಟ್ಟಿಕೊಂಡ್ರೆ ಸಾಕು, ಕುಂಬಳಕಾಯಿ ಕಳ್ಳಿ ಸಿಕ್ಕಿದ್ಲು ಅಂತಾರೆ."

"ಊಟದ ಹೊತ್ತಲ್ಲಿ ಎಲ್ಲಿದ್ರಿ?"

"ಬೀದಿ ಮೂಲೆ ಹೋಟೆಲಲ್ಲಿ. ರಿಸೆಪ್ಷನಿಸ್ಟ್ ಜೊತೆ. ಹೋಗುವಾಗಲೂ ಬರುವಾಗಲೂ ಒಟ್ಟಿಗೇ ಇದ್ವಿ."

ರಿಸೆಪ್ಷನಿಸ್ಟ್ ಹೌದೆಂದಳು. ಹೋಟೆಲಿನವನೂ ಹೌದೆಂದ. ಮಾಲೀಕನ ಕಥೆ ಅಲ್ಲಿಗೆ ಬಿದ್ದಿತು.

"ಪರೀಕ್ಷೆ ಬೇಡ ಅಂತ ನೀವು ಮಾಲೀಕರ ಹತ್ರ ಅತ್ತಿರಂತೆ. ಯಾಕೆ? ನಿಮ್ಮ ಸಾಫ್ಟ್‌ವೇರ್ ಸೋಲುತ್ತೆ ಅಂತ ಭಯವಾ?"

ಹುಡುಗಿ ಲ್ಯಾಪ್‌ಟಾಪ್ ತೆರೆದು ಹೆಡ್‌ಫೋನನ್ನು ಇನ್‌ಸ್ಪೆಕ್ಟರಿಗೆ ಕೊಟ್ಟಳು. ಒಂದು ಹೆಣ್ಣುದನಿ ಒಂದೇ ಸಾಲು ಹಾಡಿ ನಿಂತಿತು. ಗುಂಗು ಮಂಜಿನಂತೆ ಹರಡಿ ಕರಗುತ್ತ ಹೋಯಿತು. ಕರಗಿ ಮುಗಿಯುವ ಮುನ್ನ, ತುದಿಯಲ್ಲಿ, ಸೂಜಿಯಷ್ಟು ತೆಳ್ಳಗಿನ ಒಂದು ಸಿಳ್ಳೆ.

"ಇದು ನಿಮ್ಮ ಸಾಫ್ಟ್‌ವೇರಿನ ದೋಷವಾ?"

"ತಗಡಿನದ್ದೇ. ಮೇಲಿನ ಬಲಮೂಲೆ ಕೊಕ್ಕೆ ಸಡಿಲಾಗಿದೆ. ನಾನು ಇದ್ದದ್ದನ್ನ ಇದ್ದ ಹಾಗೆ ಅಳೆದೆ, ಸಿಳ್ಳೆಯೂ ಬಂತು. ಆಮೇಲೆ ಹಳೇ ರೆಕಾರ್ಡಿಂಗ್ ತೆಗೆದು ಕೇಳಿದೆ. ನಾಲ್ಕು ವರ್ಷದಿಂದ ಇದೆ." ಅವಳ ದನಿ ಇಳಿಯಿತು. "ನಾನು ಕಲಿಯೋಕೆ ಬಂದ ಹೊಸದರಲ್ಲಿ ಇದರ ಕಾಲುಭಾಗ ಸಿಳ್ಳೆ ಬಂದ್ರೂ ಗುರುಗಳು ತುತ್ತು ಬಿಟ್ಟು ಎದ್ದು ಬರ್ತಿದ್ರು. ನಾಲ್ಕು ವರ್ಷ ಬಿಟ್ಟಿದ್ದಾರೆ ಅಂದ್ರೆ..."

"ಕೇಳಿಸಿಲ್ಲ."

"ಸಣ್ಣ ದನಿಗಳೆಲ್ಲ ಹೋಗಿವೆ. ನಾಳೆ ಗುರುತು ಹಿಡಿಯಬೇಕಾಗಿದ್ದ ವ್ಯತ್ಯಾಸ ಇರೋದೆಲ್ಲ ಅಲ್ಲೇ. ಎಲ್ಲರೆದುರಿಗೆ ತಪ್ಪು ಹೇಳ್ತಿದ್ರು."

"ಅವರಿಗೆ ಹೇಳಿದ್ರಾ?"

"ಯಾವ ಬಾಯಲ್ಲಿ ಹೇಳಲಿ? ನನಗೆ ಕೇಳೋದು ಕಲಿಸಿದವರು ಅವರು."

ಹೊರಗೆ ಬಂದಾಗ ದಫೇದಾರ ಕೈ ಕೊಡವಿದ. "ಮುಗೀತು. ಅಜ್ಜ ಕಿವುಡ. ಕೇಳಿಸಲಿಲ್ಲ ಅಂದಿದ್ದು ನಿಜ. ಯಾರು ಬೇಕಾದ್ರೂ ಬಂದು ಮಡಿಸಿ ಹೋಗಿರಬಹುದು. ನಮ್ಮ ಸಾಹೇಬರದ್ದು ಹಿತ್ತಾಳೆ ಕಿವಿ, ಇವರದ್ದು ಖಾಲಿ ಕಿವಿ."

"ನಿಮ್ಮ ಬೆರಳ ಸದ್ದು ಕೇಳಿಸ್ತಲ್ರೀ?"

ದಫೇದಾರ ತನ್ನ ಬೆರಳನ್ನು ನೋಡಿಕೊಂಡ.

"ಹೋಗಿರೋದು ಸಿಳ್ಳೆ. ಗುಡುಗಲ್ಲ. ಬೆರಳು ತಾಗಿದ್ದು, ಅದೂ ಯಾವ ಅಂಚಿಗೆ ಅಂತ ಗೊತ್ತಾದವರಿಗೆ ಮೂಲೆ ಮುರಿದದ್ದು ಕೇಳಿಸದೆ ಇರುತ್ತಾ? ಕೇಳಿಸಿದೆ. ಸುಳ್ಳು ಹೇಳಿದ್ದಾರೆ."

ಅವಳು ಮತ್ತೆ ತಗಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ಮಡಿಕೆಗೆ ಟಾರ್ಚ್ ಹಿಡಿದಳು. ಹಾಳುಗೆಡವಲು ಬಂದವನು ತಿರುಚಿ ಓಡುತ್ತಾನೆ. ಈ ಮಡಿಕೆ ಅಳತೆಪಟ್ಟಿಯಿಟ್ಟಂತೆ ನೇರವಾಗಿತ್ತು. ಮಡಿಸಿದ ಮೇಲೆ ಅದರ ಉದ್ದಕ್ಕೂ ಯಾರೋ ಏನನ್ನೋ ಒತ್ತಿ ಉಜ್ಜಿದ್ದರು. ಕತ್ತರಿಸಿದ ಉಗುರಿನಂಥ ಮಾಸಲು ಬಿಳಿಯ ತೆಳುವಾದ ಪುಡಿ ಗೆರೆಯಾಗಿ ಅಂಟಿತ್ತು.

ಹಾಳುಮಾಡುವ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡಿ ಹೋಗಿದ್ದರು.

"ದಫೇದಾರ್ರೇ, ಆ ಊಟದ ಡಬ್ಬಿ ಒಳಗೆ ಬಂದಿದ್ದು ಹೇಗೆ?"

"ಅವರ ಹೆಂಡ್ತಿ ದಿನಾ ತರ್ತಾರಂತೆ. ಎದುರು ಮನೆ."

"ನರಪಿಳ್ಳೆಯೂ ಬಂದಿಲ್ಲ ಅಂದ್ನಲ್ಲ ಕಾವಲುಗಾರ?"

"ಅಯ್ಯೋ, ಹೊರಗಿನವರು ಅಂತ ಕೇಳಿದ್ರಿ ಮೇಡಂ. ಅಮ್ಮ ಹೊರಗಿನವರಾ?"

*

ಅಂದು ಸಂಜೆ, ಎದುರು ಕಟ್ಟಡದ ಮೂರನೆಯ ಮಹಡಿ. ಎರಡು ಕೋಣೆಯ ಮನೆ. ಕಿವಿಯಣ್ಣ ಕಿಟಕಿಯ ಬಳಿ ಬೀದಿ ನೋಡುತ್ತ ಕೂತಿದ್ದರು. ಅವರ ಹೆಂಡತಿ ನೆಲದ ಮೇಲೆ ರಟ್ಟಿನ ರಾಶಿಯ ನಡುವೆ ಇದ್ದರು. ಸ್ಟುಡಿಯೋದ ಟೇಪುಗಳಿಗೆ ಹೊದಿಕೆ ಮಾಡುವುದು ನಲವತ್ತು ವರ್ಷದಿಂದ ಅವರ ಕೆಲಸ. ಈಗ ಹೊಸ ಟೇಪುಗಳಿಲ್ಲ. ಹರಿದ ಹೊದಿಕೆಗಳಿಗೆ ಮರುಜನ್ಮ ಕೊಡುತ್ತಿದ್ದರು.

"ಬಾಮ್ಮ, ಕೂತ್ಕೋ. ಇದೊಂದು ಮುಗಿಸ್ತೀನಿ, ಅರ್ಧಕ್ಕೆ ಬಿಟ್ರೆ ಕೆಟ್ಟುಹೋಗುತ್ತೆ."

ಮರದ ಪಟ್ಟಿಗೆ ಒತ್ತಿ ರಟ್ಟನ್ನು ಮಡಿಸಿದರು. ಪಕ್ಕದಲ್ಲಿದ್ದ ಮಾಸಲು ಬಿಳಿಯ ಮೂಳೆಯ ಪಟ್ಟಿಯೆತ್ತಿ ಮಡಿಕೆಯ ಉದ್ದಕ್ಕೂ ಒಂದೇ ಎಳೆತಕ್ಕೆ ಉಜ್ಜಿದರು. ಸರ್ರ್. ಕೈಗೆ ಯೋಚನೆಯೇ ಬೇಕಿರಲಿಲ್ಲ.

"ಉಜ್ಜೋದು ಯಾಕಮ್ಮಾ?"

"ಉಜ್ಜದಿದ್ರೆ ಮಡಿಕೆ ನಿಲ್ಲಲ್ಲ."

"ತಗಡಿಗೂ ಉಜ್ಜಿದ್ರಲ್ಲ."

ಮೂಳೆಪಟ್ಟಿ ಅರ್ಧದಲ್ಲಿ ನಿಂತಿತು. ಆಕೆ ಗಂಡನ ಬೆನ್ನು ನೋಡಿ, ದನಿ ತಗ್ಗಿಸಿದರು. "ಅವರಿಗೆ ಗೊತ್ತಿಲ್ಲ. ನಿಧಾನಕ್ಕೆ ಮಾತಾಡು."

"ಅವರಿಗೆ ಗೊತ್ತು," ಎಂದಳು ಇನ್‌ಸ್ಪೆಕ್ಟರ್, ದನಿ ತಗ್ಗಿಸದೆ. "ನಿಮ್ಮ ಯಜಮಾನರು ಇವತ್ತು ಎಲ್ಲರ ಮುಂದೆ ನನಗೆ ಕೇಳಿಸಲ್ಲ ಅಂದ್ರು. ಕಿವಿಯಣ್ಣ ತನ್ನ ಕಿವಿಯನ್ನೇ ಬಿಟ್ಟುಕೊಡೋದು ಯಾರಿಗೋಸ್ಕರ? ತನಗೋಸ್ಕರ ಅಲ್ಲ. ಶಿಷ್ಯೆಗೆ ಸಾಕ್ಷಿ ಇತ್ತು, ಅವಳಿಗೆ ಬೇಕಿರಲಿಲ್ಲ. ಕೆಳಗೆ ಬಂದಿದ್ದು ಇನ್ನೊಬ್ಬರೇ. ಡಬ್ಬಿ ಹಿಡಿದುಕೊಂಡು."

ಆಕೆ ಅರ್ಧ ಉಜ್ಜಿದ ರಟ್ಟನ್ನು ಪಕ್ಕಕ್ಕಿಟ್ಟರು.

"ಎರಡು ವರ್ಷದ ಹಿಂದೆ," ಎಂದರು, "ಇದೇ ಕಿಟಕಿ ಹತ್ರ ಕೂತು, ಗುಬ್ಬಿಗಳೆಲ್ಲ ಎಲ್ಲಿ ಹೋದ್ವೇ, ಒಂದರ ಸದ್ದೂ ಇಲ್ಲ, ಎಲ್ಲಾ ಆ ಮೊಬೈಲ್ ಟವರಿನ ಕಾಟ ಅಂತ ಬೈದ್ರು. ಇವರ ಬೆನ್ನ ಹಿಂದೆ ಎರಡು ಗುಬ್ಬಿ ಕಿರುಚಿಕೊಂಡು ಜಗಳ ಆಡ್ತಿದ್ವು. ನಾನು ಹೌದು, ಟವರೇ ಇರ್ಬೇಕು ಅಂದೆ." ಮೂಳೆಪಟ್ಟಿಯನ್ನು ಸೆರಗಿನಿಂದ ಒರೆಸಿದರು. "ನಾಳೆ ಎಲ್ಲರೂ ನಗೋರು. ತಗಡು ಹೋದ್ರೆ ಹೋಗ್ಲಿ. ಹೆಸರಾದ್ರೂ ಉಳೀಲಿ ಅಂತ ಮಾಡ್ದೆ. ಅಷ್ಟು ದೊಡ್ಡ ಸದ್ದು ಬಂತು, ಎದೆ ಒಡೆದ ಹಾಗಾಯ್ತು. ಓಡಿಬಂದು ನೋಡಿದ್ರೆ ಇವರು ಕೂತೇ ಇದ್ರು. ಬಂದ್ಯಾ ಅಂದ್ರು. ಅಯ್ಯೋ, ಗುಡುಗೂ ಕೇಳಿಸದಷ್ಟು ಹೋಯ್ತಾ ಅಂತ..."

"ಗುಡುಗು ಕೇಳಿಸುತ್ತೆ ಕಣೇ," ಎಂದರು ಕಿಟಕಿಯ ಕಡೆಯಿಂದ ಕಿವಿಯಣ್ಣ.

ಆಕೆ ತಿರುಗಿದರು.

"ಎದ್ದು ಬಾಗಿಲಿಗೆ ಬಂದೆ. ನಿನ್ನ ಬೆನ್ನು ಕಾಣಿಸ್ತು. ಉಜ್ಜುತ್ತಿದ್ದೆ." ಅವರು ನಗಲು ನೋಡಿದರು. "ಮುರಿಯೋದಕ್ಕೂ ಅಷ್ಟು ನೀಟು. ವಾಪಸ್ ಹೋಗಿ ಕೂತೆ."

"ರೀ... ಗುಬ್ಬಿ ವಿಷಯ..."

"ಗುಬ್ಬಿ ಇತ್ತಾ ಆವತ್ತು?"

"ಇತ್ತು."

"ಎರಡಾ?"

"ಎರಡು."

ಕಿವಿಯಣ್ಣ ತಲೆಯಾಡಿಸಿ ಮತ್ತೆ ಬೀದಿಯತ್ತ ತಿರುಗಿದರು. ದಫೇದಾರ ಬಾಗಿಲಾಚೆ ಹೋಗಿ ಸುಮ್ಮನೆ ಮೂಗು ಸೀಟಿದ. ಇನ್‌ಸ್ಪೆಕ್ಟರ್ ಟಿಪ್ಪಣಿ ಪುಸ್ತಕ ತೆರೆದಳು, ಏನೂ ಬರೆಯದೆ ಮುಚ್ಚಿದಳು.

*

ಮರುದಿನ ಆಕೆಯೇ ಹೋಗಿ ಮಾಲೀಕನಿಗೆ ತಪ್ಪೊಪ್ಪಿಕೊಂಡರು. ಹೇಗೂ ಗೋದಾಮಿಗೆ ಜಾಗ ಸಿಕ್ಕಿದ್ದರಿಂದ ಅವನು ದೂರು ಹಿಂತೆಗೆದುಕೊಂಡ. ಪರೀಕ್ಷೆ ನಡೆಯಲಿಲ್ಲ. ತಗಡು ಗುಜರಿಗೆ ಹೋಯಿತು. ಕಿವಿಯಣ್ಣ ಆಮೇಲೆ ಸ್ಟುಡಿಯೋಗೆ ಬರಲಿಲ್ಲ.

ಎರಡು ತಿಂಗಳ ನಂತರ ಶಿಷ್ಯೆಯ ಸಾಫ್ಟ್‌ವೇರ್ ಬಿಡುಗಡೆಯಾಯಿತು. ಅಸಲಿಗೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲವೆಂದು ಬಲ್ಲವರು ಹೊಗಳಿದರು. ಇನ್‌ಸ್ಪೆಕ್ಟರ್ ಅದನ್ನು ಹೆಡ್‌ಫೋನಿನಲ್ಲಿ, ಗುಂಗು ಪೂರ್ತಿ ಕರಗುವವರೆಗೆ, ಮೂರು ಸಲ ಕೇಳಿದಳು.

ಸಿಳ್ಳೆ ಇರಲಿಲ್ಲ.