ಹನ್ನೆರಡನೆಯ ತಟ್ಟೆ

"ಯಾರೋ ನನ್ನ ತಟ್ಟೆಗಳನ್ನ ಕೆಡಿಸಿದಾರೆ!"

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಆ ಕೂಗು ಕೇಳಿದಾಗ ನಾನು ಮತ್ತು ಗಾಳಿಯಮ್ಮ ಮೆಟ್ಟಿಲ ಮೇಲಿದ್ದೆವು. ಗಾಳಿಯಮ್ಮ ನಮ್ಮ ಸಂಶೋಧನಾಲಯದ ಸುರಕ್ಷತಾ ಅಧಿಕಾರಿ. ಯಾವ ಕೋಣೆಯ ಗಾಳಿ ಸರಿಯಿದೆ, ಎಲ್ಲಿ ಅನಿಲ ಸೋರುತ್ತಿದೆ ಎಂದು ನೋಡುವುದು ಅವರ ಕೆಲಸ. ಆಮ್ಲಜನಕ ಅಳೆಯುವ ಮೀಟರು ಸದಾ ಕೊರಳಲ್ಲಿ ತೂಗುವುದರಿಂದ ಆ ಹೆಸರು. ನಾನು ಸಹಾಯಕಿ. ಅವರು ನೋಡುತ್ತಾರೆ, ನಾನು ಬರೆದುಕೊಳ್ಳುತ್ತೇನೆ.

ಓಡಿದೆವು.

ಕೂಗಿದವರು ಅಕ್ಕ. ಇಡೀ ಮಹಡಿಗೇ ಅವರು ಅಕ್ಕ. ಮಕ್ಕಳು ದೊಡ್ಡವರಾಗಲಿ ಎಂದು ಹದಿನಾಲ್ಕು ವರ್ಷ ಪ್ರಯೋಗಾಲಯ ಬಿಟ್ಟಿದ್ದು, ನಲವತ್ತನಾಲ್ಕನೇ ವಯಸ್ಸಿನಲ್ಲಿ ಮರಳಿ ಬಂದವರು. ಈ ಮೂರು ವರ್ಷದಿಂದ ಅವರು ಬೆನ್ನು ಹತ್ತಿರುವುದು ಉಸಿರು ಕಟ್ಟಿದ ಕೋಶಗಳನ್ನು. ಕ್ಯಾನ್ಸರ್ ಗೆಡ್ಡೆಯೊಳಗೆ ರಕ್ತನಾಳದಿಂದ ದೂರ ಉಳಿದ ಜೀವಕೋಶಗಳಿಗೆ ಆಮ್ಲಜನಕ ಸಾಲುವುದಿಲ್ಲ. ಅವು ಸಾಯಬೇಕು. ಎಷ್ಟೋ ಕೋಶಗಳು ಸಾಯುವುದಿಲ್ಲ! ಹಟಮಾರಿಗಳಾಗುತ್ತವೆ, ಔಷಧಕ್ಕೂ ಜಗ್ಗುವುದಿಲ್ಲ. ಅಂಥವನ್ನು ಹಿಡಿಯಲು ಅಕ್ಕ ಒಂದು ಗುರುತು ಮಾಡಿಟ್ಟಿದ್ದರು. ಉಸಿರು ಕಟ್ಟಿದ ಕೋಶ ಸೂಕ್ಷ್ಮದರ್ಶಕದಲ್ಲಿ ಹಸಿರಾಗಿ ಹೊಳೆಯುತ್ತದೆ; ಆರಾಮಾಗಿರುವ ಕೋಶ ಕತ್ತಲಾಗಿರುತ್ತದೆ.

ಹನ್ನೆರಡು ತಟ್ಟೆ ಕೋಶಗಳನ್ನು, ಆಮ್ಲಜನಕ ಹೊರಹೋಗಲೆಂದು ನೈಟ್ರೋಜನ್ ಹಾಯಿಸಿ ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟಿದ್ದರು. ಇನ್ನು ಹನ್ನೆರಡನ್ನು, ಹೋಲಿಕೆಗೆಂದು, ಮಾಮೂಲಿ ಗಾಳಿಯಲ್ಲೇ ಕೋಶಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನಲ್ಲಿ. ಮಧ್ಯಾಹ್ನ ಮೂರಕ್ಕೆ ಪರಿಶೀಲನಾ ಸಮಿತಿ ಬರುವುದಿತ್ತು. ಎರಡರ ವ್ಯತ್ಯಾಸ ತೋರಿಸದಿದ್ದರೆ ಯೋಜನೆ ಇವತ್ತಿಗೇ ಮುಗಿಯಿತು. ಅಕ್ಕನ ವಯಸ್ಸಿಗೆ ಇನ್ನೊಂದು ಅವಕಾಶ ಕೊಡುವವರು ಯಾರು?

"ಪೆಟ್ಟಿಗೆಯಲ್ಲಿರೋವು ಹೊಳೀತಿವೆ. ಸರಿ. ಆದ್ರೆ ಮಾಮೂಲಿ ಗಾಳೀಲಿದ್ದವೂ ಹೊಳೀತಿವೆ!" ಎಂದರು ಅಕ್ಕ.

"ಎಲ್ಲವೂನಾ?" ಗಾಳಿಯಮ್ಮ ಕೇಳಿದರು.

"ಹನ್ನೊಂದು."

"ಹನ್ನೆರಡನೇದು?"

"ಅದು ಕತ್ತಲಾಗೇ ಇದೆ. ಹನ್ನೊಂದು ಹಾಳಾದ ಮೇಲೆ ಒಂದನ್ನ ಕಟ್ಟಿಕೊಂಡು ಏನು ಮಾಡಲಿ?"

"ಅನುಮಾನ ಯಾರ ಮೇಲೆ?"

ಅಕ್ಕ ಗಲ್ಲ ಎತ್ತಿ ಎದುರು ಮೇಜು ತೋರಿಸಿದರು. ಅಲ್ಲಿನ ಯುವ ಸಂಶೋಧಕನಿಗೂ ಅವರಿಗೂ ಆ ಇನ್‌ಕ್ಯುಬೇಟರಿಗಾಗಿ ಮೂರು ತಿಂಗಳಿಂದ ಜಟಾಪಟಿ. ಅಕ್ಕನ ಯೋಜನೆ ನಿಂತರೆ ಅದು ಅವನ ಪಾಲು. "ನಿರ್ದೇಶಕರಿಗೆ ದೂರು ಬರೆದಾಗಿದೆ. ಈಗಲೇ ಕೊಟ್ಟು ಬರ್ತೀನಿ."

"ಒಂದು ಗಂಟೆ ತಡೀರಿ."

ಅಕ್ಕ ಕುಳಿತರು. ಅಂಥ ಸಂಕಟದಲ್ಲೂ ಕೈ ಸುಮ್ಮನಿರಲಿಲ್ಲ. ಫ್ಲಾಸ್ಕು ತೆರೆದು ನಮಗೆ ಚಹಾ ಬಗ್ಗಿಸಿದರು. "ಕುಡೀರಿ, ನೀವಿಬ್ರೂ ಏನೂ ತಿಂದಿರಲ್ಲ." ಲೋಟ ಅಂಚಿನವರೆಗೆ ತುಂಬಿ ತುಳುಕಿತು. ನನ್ನ ಪುಸ್ತಕದ ಮೇಲೆ ದುಂಡನೆಯ ಕಲೆ ಬಿತ್ತು.

ಎದುರು ಮೇಜಿನವನನ್ನು ಕರೆದೆವು.

"ನಿನ್ನೆ ಭಾನುವಾರ ಇಲ್ಲಿಗೆ ಬಂದಿದ್ರಾ?" ಗಾಳಿಯಮ್ಮ ಕೇಳಿದರು.

"ಬಂದಿದ್ದೆ."

"ಯಾಕೆ?"

ಅವನು ಕಿವಿ ಕೆರೆದುಕೊಂಡ. "ಮನೇಲಿ ನಮ್ಮತ್ತೆ, ಅವರ ತಂಗಿ, ತಂಗಿಯ ನಾಲ್ಕು ಮಕ್ಕಳು. ನಿದ್ದೆ ಮಾಡೋಕೆ ಬಂದೆ, ಮೇಡಂ."

"ಪ್ರಯೋಗಾಲಯದಲ್ಲಿ?"

"ಮೇಜಿನ ಕೆಳಗೆ."

"ಸುಳ್ಳು!" ಅಕ್ಕ ಗುಡುಗಿದರು.

ಅವನು ಬಗ್ಗಿ ಕಪಾಟಿನಿಂದ ಹೂವಿನ ಚಿತ್ತಾರದ ದಿಂಬೊಂದನ್ನು ಎಳೆದು ಮೇಜಿನ ಮೇಲಿಟ್ಟ. "ಇದೊಂದನ್ನ ಬಿಟ್ಟು ಬೇರೇನೂ ಮುಟ್ಟಿಲ್ಲ ಅಕ್ಕ."

ಮುಂದಿನ ಸರದಿ ಸಿಲಿಂಡರಿನ ಅಣ್ಣನದು. ಶನಿವಾರ ಪೆಟ್ಟಿಗೆಯ ನೈಟ್ರೋಜನ್ ಸಿಲಿಂಡರು ಬದಲಾಯಿಸಿದವನು ಅವನೇ.

"ಪೈಪು ಏನಾದ್ರೂ ಈ ಕಡೆಯ ಇನ್‌ಕ್ಯುಬೇಟರಿಗೆ ಸಿಕ್ಕಿಸಿಬಿಟ್ಯಾ ಅಣ್ಣ?"

ಅವನ ಮುಖ ಕೆಂಪಾಯಿತು. "ಇಪ್ಪತ್ತೆರಡು ವರ್ಷದ ಸರ್ವೀಸು ನಂದು. ಹೆಂಡ್ತಿ ಹುಟ್ಟಿದ ದಿನ ಮರೆತಿದೀನಿ, ಬೈಸಿಕೊಂಡಿದೀನಿ. ಪೈಪು ಮರೆತಿಲ್ಲ!"

ನಿಜವೇ. ಯಂತ್ರದ ದಾಖಲೆ ತೆಗೆದು ನೋಡಿದೆವು. ಇನ್‌ಕ್ಯುಬೇಟರಿನ ಒಳಗಿನ ಆಮ್ಲಜನಕದ ಗೆರೆ ವಾರಾಂತ್ಯವಿಡೀ ನೆಟ್ಟಗಿತ್ತು. ಬಾಗಿಲು ಎರಡೇ ಬಾರಿ ತೆರೆದಿತ್ತು: ಶುಕ್ರವಾರ ಸಂಜೆ ಐದೂ ನಲವತ್ತಕ್ಕೆ, ಇವತ್ತು ಬೆಳಿಗ್ಗೆ ಎಂಟೂ ಹತ್ತಕ್ಕೆ. ಎರಡು ಸಲವೂ ಅಕ್ಕನ ಕಾರ್ಡಿನಿಂದ.

ಬಾಗಿಲು ಬೇರೆ ಯಾರೂ ತೆರೆದಿಲ್ಲ. ಗಾಳಿ ಕಡಿಮೆಯಾಗಿಲ್ಲ. ಆದರೂ ಒಳಗಿದ್ದ ಕೋಶಗಳಿಗೆ ಉಸಿರು ಕಟ್ಟಿದೆ!

"ಹಾಗಾದ್ರೆ ದೆವ್ವ ಬಂದು ಮಾಡ್ತಾ?" ಅಕ್ಕ ಕೇಳಿದರು.

"ದೆವ್ವಕ್ಕೆ ಹನ್ನೊಂದರ ಲೆಕ್ಕ ಯಾಕೆ?" ಗಾಳಿಯಮ್ಮ ನನ್ನತ್ತ ತಿರುಗಿದರು. "ಹೊಳೆಯೋದು ಒಂದು, ಹೊಳೆಯದ್ದು ಒಂದು, ಎರಡನ್ನೂ ತಾ."

ಕೈಗವಸು ತೊಟ್ಟು ಎರಡು ತಟ್ಟೆ ಎತ್ತಿಕೊಂಡೆ. ಎರಡೇ ಹೆಜ್ಜೆ. ಎಡಗೈಯಲ್ಲಿದ್ದ ಹೊಳೆಯುವ ತಟ್ಟೆಯೊಳಗಿನ ಕೆಂಪು ದ್ರವ, ಅಂದರೆ ಕೋಶಗಳ ಆಹಾರ, ಮುಚ್ಚಳಕ್ಕೆ ತಾಗಿ ಹೊರಚೆಲ್ಲಿತು. ಕೋಟಿನ ತೋಳು ಒದ್ದೆಯಾಯಿತು. ಬಲಗೈಯದು ಅಲುಗಲೂ ಇಲ್ಲ.

"ಅಯ್ಯೋ, ಇದನ್ನೇನು ಹೀಗೆ ತುಂಬಿಟ್ಟಿದಾರೆ!" ಎಂದೆ.

ಗಾಳಿಯಮ್ಮ ನನ್ನ ತೋಳು ನೋಡಿದರು. ಆಮೇಲೆ ನನ್ನ ಪುಸ್ತಕದ ಮೇಲಿನ ಚಹಾ ಕಲೆ ನೋಡಿದರು. ಅವರ ಕಣ್ಣು ಮಿಂಚಿತು.

"ಅಕ್ಕ, ಶುಕ್ರವಾರ ಸಂಜೆ ಬಾಗಿಲು ತೆಗೆದು ಏನು ಮಾಡಿದ್ರಿ?"

"ಏನೂ ಇಲ್ಲ."

"ನೆನಪು ಮಾಡ್ಕೊಳ್ಳಿ."

"ಏನೂ ಇಲ್ಲ ಅಂದ್ನಲ್ಲ. ಎರಡು ದಿನ ಮಗಳ ಹತ್ರ ಹೋಗೋದಿತ್ತು. ಪಾಪ, ಹಸ್ಕೊಂಡಿರ್ತಾವೆ ಅಂತ ತಟ್ಟೆಗಳಿಗೆ ಒಂಚೂರು ಆಹಾರ ಹೆಚ್ಚಿಗೆ ಹಾಕ್ದೆ. ಅಷ್ಟೇ."

"ಎಷ್ಟು?"

"ಬಾಟಲೀಲಿ ಉಳಿದಿದ್ದಷ್ಟು."

"ಪೆಟ್ಟಿಗೆಯಲ್ಲಿದ್ದವಕ್ಕೂ?"

"ಅದನ್ನ ತೆಗೆದ್ರೆ ಹೊರಗಿನ ಗಾಳಿ ನುಗ್ಗುತ್ತಲ್ಲ. ಇವಕ್ಕೆ ಮಾತ್ರ."

"ಹನ್ನೆರಡಕ್ಕೂ ಸಾಲ್ತಾ?"

"ಇಲ್ಲ, ಹನ್ನೊಂದಕ್ಕೆ ಬಾಟಲಿ ಖಾಲಿ—"

ಅಕ್ಕ ಮಾತು ನಿಲ್ಲಿಸಿ ತಟ್ಟೆಗಳತ್ತ ತಿರುಗಿದರು.

ಗಾಳಿಯಮ್ಮ ಆಗಲೇ ಕೂದಲೆಳೆಯಷ್ಟು ಸಣ್ಣ ಸೂಜಿಯನ್ನು ಮೀಟರಿಗೆ ಸಿಕ್ಕಿಸಿದ್ದರು. ಹೊಳೆಯುವ ಇನ್ನೊಂದು ತಟ್ಟೆಯನ್ನು ಅಲುಗಿಸದೆ, ಇನ್‌ಕ್ಯುಬೇಟರಿನೊಳಗೇ ಸೂಜಿ ಇಳಿಸಿದರು. ದ್ರವದ ಮೇಲ್ಭಾಗದಲ್ಲಿ ಆಮ್ಲಜನಕ ಶೇಕಡಾ ಹದಿನೆಂಟು. ನಡುವೆ ಒಂಬತ್ತು. ತಳದಲ್ಲಿ, ಕೋಶಗಳು ಅಂಟಿ ಕೂತ ಜಾಗದಲ್ಲಿ — ಒಂದು!

ಹನ್ನೆರಡನೆಯ ತಟ್ಟೆಯ ತಳದಲ್ಲಿ ಹನ್ನೆರಡು.

"ಕೆಡಿಸೋಕೆ ಬಂದವನು ಒಂದನ್ನ ಯಾಕೆ ಬಿಡ್ತಾನೆ? ಎಲ್ಲರೂ ಹನ್ನೊಂದನ್ನೇ ನೋಡ್ತಿದ್ರಿ. ಉತ್ತರ ಇದ್ದದ್ದು ಇದರಲ್ಲಿ," ಎಂದರು ಗಾಳಿಯಮ್ಮ. "ಆಮ್ಲಜನಕ ನೀರಲ್ಲಿ ಬಲು ನಿಧಾನ ಇಳಿಯುತ್ತೆ. ಆಹಾರ ಎರಡರಷ್ಟು ಆಳವಾಯ್ತು. ಮೇಲಿಂದ ಬರೋ ಗಾಳಿ ಸಾಲ್ದೆ, ಇದ್ದದ್ದನ್ನ ಕೋಶಗಳು ಬಳಸಿ ಮುಗಿಸಿದ್ವು. ಕೆಡಿಸಿದವರು ನೀವೇ ಅಕ್ಕ. ಪ್ರೀತಿಯಿಂದ ಕೆಡಿಸಿದ್ರಿ."

ಅಕ್ಕ ಸುಳ್ಳು ಹೇಳಿರಲಿಲ್ಲ, ಅದು ನನಗೆ ಗೊತ್ತಿತ್ತು. ಎರಡು ದಿನ ಮನೆ ಬಿಟ್ಟು ಹೋಗುವ ಹೆಂಗಸು ಡಬ್ಬಿಗಳನ್ನೆಲ್ಲ ತುಂಬಿಟ್ಟೇ ಹೊಸ್ತಿಲು ದಾಟುತ್ತಾಳೆ, ನಾನೂ ಹಾಗೇ. ಅದನ್ನೊಂದು ಕೆಲಸವೆಂದೇ ಅಂದುಕೊಂಡಿರುವುದಿಲ್ಲ. ಏನು ಮಾಡಿದೆ ಎಂದು ಕೇಳಿದರೆ ಏನೂ ಇಲ್ಲ ಎಂದೇ ಬಾಯಿಗೆ ಬರುತ್ತದೆ.

ಅಕ್ಕ ದೂರಿನ ಹಾಳೆಯನ್ನು ಎರಡಾಗಿ, ನಾಲ್ಕಾಗಿ ಹರಿದರು. ಇದ್ದಕ್ಕಿದ್ದಂತೆ ಕೈ ನಿಂತಿತು.

"ಗಾಳಿಯಮ್ಮ — ಇದು ಗೆಡ್ಡೇನೇ!"

"ಅಂದ್ರೆ?"

"ಗೆಡ್ಡೆಗೆ ಯಾರು ನೈಟ್ರೋಜನ್ ತುಂಬ್ತಾರೆ? ಪಕ್ಕದಲ್ಲೇ ರಕ್ತ ಹರೀತಿರುತ್ತೆ, ಒಳಗಿನ ಕೋಶಕ್ಕೆ ತಲುಪಲ್ಲ. ಇಲ್ಲೂ ಅದೇ ಆಗಿದೆ! ಅರ್ಧ ಬೆರಳಗಲ ಮೇಲೆ ಬೇಕಾದಷ್ಟು ಗಾಳಿ, ತಳದಲ್ಲಿ ಉಸಿರಿಲ್ಲ. ಆಳ ಹೆಚ್ಚುಕಡಿಮೆ ಮಾಡ್ತಾ ಹೋದ್ರೆ ಹೊಳಪು ಎಲ್ಲಿ ಶುರುವಾಗುತ್ತೆ ಅಂತ ಹಿಡೀಬಹುದು!"

ಬಳೆ ಸದ್ದಾಗುವಂತೆ ಮೇಜು ಬಡಿದು ಎದ್ದರು. ಸೂಜಿ ಕೇಳಿದರು, ನನ್ನ ಪೆನ್ನು ಕಿತ್ತುಕೊಂಡರು. ಊಟದ ಹೊತ್ತಿಗೆ, ಚೆಲ್ಲಿದ್ದೊಂದನ್ನು ಬಿಟ್ಟು, ಹತ್ತು ತಟ್ಟೆಗಳ ಆಳವೂ ಹೊಳಪೂ ಗೋಡೆಯ ಹಲಗೆಯ ಮೇಲಿತ್ತು. ಕಣ್ಣಂದಾಜಿನಲ್ಲಿ ಸುರಿದದ್ದರಿಂದ ಒಂದೊಂದರ ಆಳ ಒಂದೊಂದು ಬಗೆ: ಹೆಚ್ಚು ಆಳ, ಹೆಚ್ಚು ಹಸಿರು. ಅಳೆಯಲು ಪಕ್ಕದಲ್ಲಿ ನಿಂತವನು ಎದುರು ಮೇಜಿನವನೇ.

ಮೂರು ಗಂಟೆಗೆ ಸಮಿತಿಯ ಮುಂದೆ ಅಕ್ಕನ ಮೊದಲ ಮಾತು: "ಇದು ನನ್ನ ತಪ್ಪಿನಿಂದ ಸಿಕ್ಕಿದ್ದು." ಆಮೇಲೆ ಪೆಟ್ಟಿಗೆಯ ಹನ್ನೆರಡನ್ನು ಆ ಒಂದು ಕತ್ತಲ ತಟ್ಟೆಯ ಪಕ್ಕದಲ್ಲಿಟ್ಟು ತೋರಿಸಿದರು. ಬಾಗಿಲ ಹೊರಗೆ ನಿಂತ ನಮಗೆ ಪ್ರಶ್ನೆಗಳು ಕೇಳಿದವು, ಬಹಳ ಪ್ರಶ್ನೆಗಳು. ಕೊನೆಗೆ ಒಬ್ಬರ ದನಿ: "ಒಂದೇ ತಟ್ಟೆ ಸಾಲದು. ಎರಡು ವರ್ಷ ಕೊಡ್ತೀವಿ, ಸರಿಯಾಗಿ ಮಾಡಿ ತೋರಿಸಿ."

ಅಕ್ಕ ಹೊರಬಂದವರೇ ನೆಟ್ಟಗೆ ಎದುರು ಮೇಜಿಗೆ ನಡೆದರು.

"ತಪ್ಪಾಯ್ತಪ್ಪ. ಇನ್‌ಕ್ಯುಬೇಟರಿನ ಮೇಲಿನ ಎರಡು ಅರೆ ಇವತ್ತಿಂದ ನಿಂದು."

"ದಿಂಬು ಇಡೋಕಾ ಅಕ್ಕ?"

ನಕ್ಕರು. ಫ್ಲಾಸ್ಕು ತೆರೆದು ಅವನ ಲೋಟಕ್ಕೆ ಬಗ್ಗಿಸಿದರು. ಅರ್ಧಕ್ಕೆ ಬಂದಾಗ ಕೈ ತಡವರಿಸಿತು. ನಾವೆಲ್ಲ ನೋಡುತ್ತಿದ್ದೆವು. ಅಕ್ಕ ಬಿರಡೆ ಹಾಕಿಬಿಟ್ಟರು.

ಅವನು ಲೋಟದೊಳಗೆ ಇಣುಕಿದ. "ತಪ್ಪು ಮಾಡಿದ್ದು ನೀವು, ಚಹಾ ಕಡಿಮೆ ನಂಗಾ?"